ಬಾನುಲಿಯ ತಂತಿಯೂ ಹದ್ದಿನ ಆಸನವೂ

'ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು' ಎಂಬ ಗಾದೆಯನ್ನು ನಮ್ಮ ಸೀಮೆಯಲ್ಲಿ ಕೇಳದವರು ವಿರಳ. ಸಂಸ್ಕೃತದಲ್ಲಿ ಇದನ್ನೇ ಕಾಕತಾಲೀಯ ನ್ಯಾಯವೆಂದು ಕರೆದಿದ್ದಾರೆ. ತಾಳೆಯ ಮರದ ಮೇಲೆ ಕಾಗೆ ಬಂದು ಕುಳಿತ ಕ್ಷಣದಲ್ಲಿಯೇ ಹಣ್ಣು ನೆಲಕ್ಕೆ ಬಿದ್ದರೆ, ನೋಡಿದವನು ಕಾಗೆಯೇ ಅದನ್ನು ಕೆಡವಿತೆಂದು ಭಾವಿಸುತ್ತಾನೆ. ಹಣ್ಣಾದರೋ ಕಳಿತು ತಾನಾಗಿಯೇ ಬೀಳುವ ಹೊತ್ತಿಗೆ ಬಂದಿತ್ತು. ಈ ಗಾದೆಯಲ್ಲಿ ಎಷ್ಟು ಸತ್ಯವಿದೆ, ಎಲ್ಲಿ ಅದು ತಪ್ಪುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಲು ಅನುಕೂಲವಾದ ಸ್ಥಳವೊಂದುಂಟು. ಅದು ಹವ್ಯಾಸಿ ಬಾನುಲಿಯ ಆಂಟೆನಾ.

ಹವ್ಯಾಸಿ ಬಾನುಲಿ ಎಂದರೇನೆಂಬುದನ್ನು ಮೊದಲು ತಿಳಿಯೋಣ. ಆಕಾಶವಾಣಿಯನ್ನು ನಾವು ಕೇಳುತ್ತೇವೆಯೇ ಹೊರತು ಅದರೊಡನೆ ಮಾತನಾಡಲಾರೆವು. ಹವ್ಯಾಸಿಯಾದರೋ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, ಭಾರತ ಸರ್ಕಾರದಿಂದ ಪರವಾನಿಗೆಯನ್ನೂ ತನ್ನದೇ ಆದ ಒಂದು ಕರೆಸಂಕೇತವನ್ನೂ ಪಡೆದು, ಮನೆಯಲ್ಲಿಯೇ ಚಿಕ್ಕ ಪ್ರೇಷಕಯಂತ್ರವನ್ನಿಟ್ಟುಕೊಂಡು ದೂರದೂರದವರೊಡನೆ ಸಂಭಾಷಿಸುತ್ತಾನೆ. ಇದರಿಂದ ಹಣ ಗಳಿಸುವಂತಿಲ್ಲ. ಕಲಿಕೆಯೂ ಸೇವೆಯೂ ಇದರ ಉದ್ದೇಶ. ಇಂಥವರನ್ನು ಜಗತ್ತಿನಾದ್ಯಂತ 'ಹ್ಯಾಮ್' ಎಂದು ಕರೆಯುವುದು ವಾಡಿಕೆ. ಕನ್ನಡ ನಾಡಿಗೆ ಈ ವಿದ್ಯೆ ಹೊಸದಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಸಣ್ಣ ಪ್ರೇಷಕವೊಂದನ್ನು ಸ್ಥಾಪಿಸಿ ಪ್ರಸಾರವನ್ನು ಆರಂಭಿಸಿದರು. ಅವರ ಆ ನಿಲಯಕ್ಕೆ ಇಟ್ಟಿದ್ದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಬಂದಿತು. ಇಂದು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್, ನಮಗೆ ಇನ್ನೂ ಸಮೀಪದ ಹೈದರಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆಚೂರ್ ರೇಡಿಯೋ ಮುಂತಾದ ಸಂಸ್ಥೆಗಳು ಆಸಕ್ತರಿಗೆ ಈ ವಿದ್ಯೆಯಲ್ಲಿ ಶಿಕ್ಷಣ ಕೊಡುತ್ತಿವೆ.

ಕೈಗೊಂದು ಮೊಬೈಲ್ ಫೋನು ಬಂದಿರುವ ಈ ಕಾಲದಲ್ಲಿ ಇದರ ಆವಶ್ಯಕತೆಯೇನೆಂದು ಕೆಲವರು ಕೇಳಬಹುದು. 2004ನೆಯ ಇಸವಿ ಡಿಸೆಂಬರ್ 26ರಂದು ಸುನಾಮಿ ಅಂಡಮಾನ್ ದ್ವೀಪಗಳನ್ನು ಅಪ್ಪಳಿಸಿದಾಗ, ಹೈದರಾಬಾದಿನ ಈ ಸಂಸ್ಥೆಯ ಪರವಾಗಿ ಭಾರತಿ ಪ್ರಸಾದ್ ಅವರ ನೇತೃತ್ವದ ಹವ್ಯಾಸಿಗಳ ತಂಡವೊಂದು ಪೋರ್ಟ್ ಬ್ಲೇರಿನಲ್ಲಿತ್ತು. ಸಾಮಾನ್ಯ ಸಂಪರ್ಕಗಳು ಕಡಿದುಹೋದ ಆ ಹೊತ್ತಿನಲ್ಲಿ ದ್ವೀಪವಾಸಿಗಳ ಕ್ಷೇಮಸಮಾಚಾರವನ್ನು ಭೂಖಂಡಕ್ಕೆ ಮುಟ್ಟಿಸಿದವರಲ್ಲಿ ಅವರೂ ಒಬ್ಬರು. 1999ರ ಒಡಿಶಾ ಚಂಡಮಾರುತದಲ್ಲಿಯೂ 2001ರ ಭುಜ್ ಭೂಕಂಪದಲ್ಲಿಯೂ ಹವ್ಯಾಸಿಗಳು ಇಂತಹ ಸೇವೆಯನ್ನು ಸಲ್ಲಿಸಿದ್ದಾರೆ. ನಮ್ಮ ತಾಂಡೂರಿನ ಕಾಗಿಣಾ ಹರಿದುಹೋಗಿ ಸೇರುವ ಭೀಮಾನದಿಯು 2020ರ ಅಕ್ಟೋಬರಿನಲ್ಲಿ ಉಕ್ಕಿ ಕಲಬುರಗಿ ಜಿಲ್ಲೆಯ ಹಳ್ಳಿಗಳನ್ನು ಮುಳುಗಿಸಿದ್ದನ್ನು ನಾವು ಮರೆತಿಲ್ಲ. ಅಂತಹ ರಾತ್ರಿಯಲ್ಲಿ ಯಂತ್ರ ಎಷ್ಟೇ ಉತ್ತಮವಾಗಿರಲಿ, ಮೇಲಿನ ಆಂಟೆನಾ ಮುರಿದು ಬಿದ್ದಿದ್ದರೆ ಅದು ಮೂಕವೇ ಸರಿ.

ಹೀಗೆ ಮೂಕವಾದ ಒಂದು ಮನೆಯನ್ನು ನಾನು ಬಲ್ಲೆ. ಪರಿಚಿತರಾದ ಹವ್ಯಾಸಿಯೊಬ್ಬರು ಮಾಳಿಗೆಯ ಮೇಲಿನ ಕಂಬದಿಂದ ಎದುರಿನ ಬೇವಿನ ಮರಕ್ಕೆ ತಂತಿಯನ್ನು ಎಳೆದು ಕಟ್ಟಿದ್ದರು. ಪ್ರತಿದಿನ ಸಂಜೆ ಹದ್ದೊಂದು ಬಂದು ತಂತಿಯ ನಡುವೆ ಕೂಡುತ್ತಿತ್ತು. ಒಂದು ದಿನ ಗಾಳಿಮಳೆ ಪ್ರಾರಂಭವಾಗುವುದಕ್ಕೆ ಸ್ವಲ್ಪ ಮುಂಚೆ ಹದ್ದು ಹಾರಿತು, ತಂತಿ ಕಡಿಯಿತು. ಕಡಿದ ತುದಿ ಅಂಗಳದಲ್ಲಿ, ಮನೆಗೆ ಬರುವ ವಿದ್ಯುತ್ ತಂತಿಯಿಂದ ಕೇವಲ ಎರಡು ಮೊಳ ದೂರದಲ್ಲಿ ಜೋತಾಡುತ್ತಿತ್ತು. ಅಂಗಳದಲ್ಲಿ ಮಕ್ಕಳು ಆಡುತ್ತಿದ್ದರು. ಪುಣ್ಯವಶಾತ್ ಯಾರಿಗೂ ಏನೂ ಆಗಲಿಲ್ಲ. ಆದರೆ ಆ ರಾತ್ರಿಯೆಲ್ಲ ಅವರ ಯಂತ್ರಕ್ಕೆ ಮಾತಿಲ್ಲದೆ ಹೋಯಿತು. ಮರುದಿನ ಅವರು ಹದ್ದನ್ನು ಹೊಡೆಯಲು ಕವಣೆಯನ್ನು ಹುಡುಕುತ್ತಿದ್ದರು. ಅಪರಾಧಿ ಹದ್ದೇ ಹೌದೆ ಎಂಬ ವಿಚಾರ ನನ್ನ ಮನಸ್ಸಿನಲ್ಲಿ ಹುಟ್ಟಿದ್ದು ಆಗಲೇ.

ದೊಡ್ಡ ಹಕ್ಕಿಗಳು ಆಂಟೆನಾವನ್ನೇ ಆರಿಸಿಕೊಳ್ಳುವುದೇಕೆ? ಹದ್ದು, ಕಾಗೆ, ಗೂಬೆ, ಕೆಂಬರಲು ಇವುಗಳಿಗೆಲ್ಲ ಬೇಕಾದದ್ದು ಸುತ್ತಲಿನ ನೆಲ ಕಾಣುವ ಎತ್ತರ, ರೆಕ್ಕೆಗೆ ತಾಗುವ ಎಲೆಕೊಂಬೆಗಳಿಲ್ಲದ ಬರಿಯ ತುದಿ, ಕಾಲಿನ ಹಿಡಿತಕ್ಕೆ ಒಗ್ಗುವ ದಪ್ಪ. ಹಿಂದೆ ಈ ಮೂರನ್ನೂ ಒಣಮರದ ತುದಿ ಒದಗಿಸುತ್ತಿತ್ತು. ಒಣಮರಗಳು ಸೌದೆಯಾಗಿ ಹೋದ ಊರಿನಲ್ಲಿ, ಫರಸಿ ಗಣಿಗಳ ಬಯಲಿನ ನಡುವೆ, ಅಂಥ ಆಸನವೆಂದರೆ ಅಲ್ಯೂಮಿನಿಯಂ ಕೊಳವೆಗಳ ಆಂಟೆನಾ. ಹಕ್ಕಿಯ ಕಣ್ಣಿಗೆ ಅದು ಎಲೆಯುದುರಿದ ಒಂದು ಮರ.

ಇನ್ನು ಭಾರದ ಲೆಕ್ಕ. ನಮ್ಮ ಊರುಗಳಲ್ಲಿ ಸುತ್ತುವ ಕಂದು ಹದ್ದಿನ ತೂಕ ಸುಮಾರು 600ರಿಂದ 900 ಗ್ರಾಂ. ಊರಕಾಗೆಯದು ಸುಮಾರು 300 ಗ್ರಾಂ. ಗಂಡು ನವಿಲಿನದು 4ರಿಂದ 6 ಕಿಲೋಗ್ರಾಂ. ಇಷ್ಟು ಅಲ್ಪ ಭಾರಕ್ಕೆ ಗಟ್ಟಿ ತಂತಿ ಕಡಿಯುವುದೆಂತು? ಇದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳು ಸ್ವತಃ ಕಂಡುಕೊಳ್ಳಬಹುದು. ಹವ್ಯಾಸಿಗಳು ಬಹಳವಾಗಿ ಬಳಸುವ 40 ಮೀಟರ್ ತರಂಗಾಂತರಕ್ಕೆ, ಅಂದರೆ ಸುಮಾರು 7.1 ಮೆಗಾಹರ್ಟ್ಸ್ ಆವರ್ತನಕ್ಕೆ, ಎರಡು ತೋಳುಗಳ 'ಡೈಪೋಲ್' ಎಂಬ ತಂತಿ ಬೇಕು. ಅದರ ಉದ್ದ ತರಂಗಾಂತರದ ಅರ್ಧಕ್ಕಿಂತ ತುಸು ಕಡಿಮೆ, ಸುಮಾರು 20 ಮೀಟರ್. ಅದರ ನಟ್ಟನಡುವೆ 800 ಗ್ರಾಂ ತೂಕದ ಹದ್ದು ಕುಳಿತಿತೆಂದು ತಿಳಿಯೋಣ. ತಂತಿಯ ಸ್ವಂತ ತೂಕವನ್ನು ಬಿಟ್ಟರೆ, ಅದರ ಸೆಳೆತವನ್ನು ತಿಳಿಯಲು ಹಕ್ಕಿಯ ತೂಕವನ್ನು ತಂತಿಯ ಉದ್ದದಿಂದ ಗುಣಿಸಿ, ನಡುವೆ ಉಂಟಾದ ಜೋಲಿನ ನಾಲ್ಕರಷ್ಟರಿಂದ ಭಾಗಿಸಬೇಕು. ತಂತಿ ಅರ್ಧ ಮೀಟರ್ ಜೋತರೆ ಸೆಳೆತ 8 ಕಿಲೋಗ್ರಾಂ. ಅದೇ ತಂತಿಯನ್ನು ವೀಣೆಯ ತಂತಿಯಂತೆ ಬಿಗಿದು ಕಟ್ಟಿ, 10 ಸೆಂಟಿಮೀಟರ್ ಮಾತ್ರ ಜೋಲುವಂತೆ ಮಾಡಿದರೆ ಸೆಳೆತ 40 ಕಿಲೋಗ್ರಾಂ ಆಗುತ್ತದೆ! ಹದ್ದು ಒಂದೇ, ತಂತಿ ಒಂದೇ. ಸೆಳೆತ ಐದು ಪಟ್ಟು. ಬಿಗಿಯಾಗಿ ಕಟ್ಟಿದ್ದು ಭದ್ರವಾಯಿತೆಂದು ತಿಳಿಯುವುದು ಇಲ್ಲಿ ದೊಡ್ಡ ಭ್ರಮೆ.

ಕೊಳವೆಗಳಿಂದ ಮಾಡಿದ 'ಯಾಗಿ' ಆಂಟೆನಾದಲ್ಲಿ ಕಷ್ಟ ಬೇರೆ ರೀತಿಯದು. 20 ಮೀಟರ್ ತರಂಗಾಂತರದ ಯಾಗಿಯ ತೋಳು ನಡುದಂಡದಿಂದ ಪ್ರತಿ ಪಕ್ಕಕ್ಕೆ ಸುಮಾರು 5 ಮೀಟರ್ ಚಾಚಿರುತ್ತದೆ. ಅದರ ತುದಿಯಲ್ಲಿ ಕುಳಿತ ಹದ್ದು ಬುಡದ ಮೇಲೆ ಬೀರುವ ತಿರುಚುಬಲ, ನಡುದಂಡದಿಂದ ಒಂದು ಮೀಟರ್ ದೂರದಲ್ಲಿ 4 ಕಿಲೋಗ್ರಾಂ ಭಾರವನ್ನು ನೇತುಹಾಕಿದಷ್ಟಾಗುವುದು. ಕುಳಿತಿರುವುದಕ್ಕಿಂತ ಬಂದಿಳಿಯುವುದೂ ನೆಗೆದು ಹಾರುವುದೂ ಹೆಚ್ಚು ಹಾನಿಕರ, ಏಕೆಂದರೆ ಆಗ ತೋಳು ಮೇಲೆ ಕೆಳಗೆ ತೂಗಾಡುತ್ತದೆ. ಕಬ್ಬಿಣದ ತಂತಿಯನ್ನು ಒಂದೇ ಕಡೆ ಅತ್ತಿತ್ತ ಬಗ್ಗಿಸುತ್ತ ಹೋದರೆ ಕೊನೆಗೆ ಮುರಿಯುವುದನ್ನು ಹುಡುಗರೆಲ್ಲ ಬಲ್ಲರು. ಇದು ಲೋಹದ ದಣಿವು. ಅಲ್ಯೂಮಿನಿಯಂ ಈ ದಣಿವಿಗೆ ಬೇಗ ಸೋಲುವ ಲೋಹ. ಮೊದಲ ದಿನದ ಹದ್ದು ಏನನ್ನೂ ಮುರಿಯದಿರಬಹುದು. ಸಾವಿರದ ಸಂಜೆಯ ಹದ್ದಿನ ಮೇಲೆ ಅಪವಾದ ಬರುತ್ತದೆ.

ಹಕ್ಕಿ ಕುಳಿತಾಗ ಬಾನುಲಿಯ ಕೆಲಸವೂ ಕೆಡುವುದುಂಟು. ಹಕ್ಕಿಯ ದೇಹದಲ್ಲಿ ನೀರೂ ಲವಣಗಳೂ ಇರುವುದರಿಂದ ಅದು ವಿದ್ಯುತ್ತಿಗೆ ಸ್ವಲ್ಪಮಟ್ಟಿಗೆ ವಾಹಕ. 40 ಮೀಟರ್ ತರಂಗದ ಮುಂದೆ ಹದ್ದಿನ ದೇಹ ಅತ್ಯಲ್ಪವಾದುದರಿಂದ ನಡುವೆ ಕುಳಿತರೆ ವ್ಯತ್ಯಾಸ ತೋರದು. ತಂತಿಯ ಕೊನೆಯಲ್ಲಿ ವೋಲ್ಟೇಜು ಹೆಚ್ಚಾಗಿರುವುದರಿಂದ ಅಲ್ಲಿ ಕುಳಿತರೆ ವ್ಯತ್ಯಾಸ ಹೆಚ್ಚು. 2 ಮೀಟರ್ ತರಂಗಾಂತರದ ಆಂಟೆನಾದಲ್ಲಾದರೆ ತೋಳಿನ ಪೂರ್ಣ ಉದ್ದವೇ ಸುಮಾರು ಒಂದು ಮೀಟರ್. ಅರ್ಧ ಮೀಟರಿನ ಹಕ್ಕಿಯೊಂದು ಅದರ ಮೇಲೆ ಕುಳಿತರೆ ಆಂಟೆನಾದ ಶ್ರುತಿಯೇ ತಪ್ಪುತ್ತದೆ. ಇದಲ್ಲದೆ ಹಿಕ್ಕೆಯ ಪ್ರಶ್ನೆಯೂ ಉಂಟು. ಹಿಕ್ಕೆ ಪಿಂಗಾಣಿ ಅಥವಾ ಪ್ಲಾಸ್ಟಿಕ್ಕಿನ ಬೇರ್ಪಡಿಕೆ ಗುಬ್ಬಿಗಳ ಮೇಲೆ ಬಿದ್ದು ಇಬ್ಬನಿಯಲ್ಲಿ ತೊಯ್ದರೆ ವಿದ್ಯುತ್ತು ಸೋರಲು ದಾರಿಯಾಗುತ್ತದೆ. ಲೋಹದ ಕೂಡುಗಳನ್ನು ಕ್ರಮೇಣ ತಿಂದುಹಾಕುತ್ತದೆ.

'ಹಕ್ಕಿ ಕುಳಿತಾಗ ಪ್ರೇಷಕವನ್ನು ಚಾಲೂ ಮಾಡಿದರೆ ತಾನಾಗಿ ಹಾರಿಹೋಗುತ್ತದೆ' ಎಂದು ಹೇಳುವವರೂ ಇದ್ದಾರೆ. ಇದು ಅನುಚಿತವಾದ ಉಪಾಯ. ಹಕ್ಕಿಯ ಕಾಲು ಸುಡುವ ಸಂಭವವುಂಟು. ಸಂದೇಶವಿಲ್ಲದೆ ಬರಿದೆ ತರಂಗಗಳನ್ನು ಬಿಟ್ಟರೆ ಇತರರ ಸಂಭಾಷಣೆಗೆ ಅಡ್ಡಿಯಾಗುತ್ತದೆ. ಅಷ್ಟಾದರೂ ಹಕ್ಕಿ ಮತ್ತೆ ಬರುವುದು ತಪ್ಪದು.

ಹಾಗಾದರೆ ಉಚಿತವಾದ ಉಪಾಯಗಳಾವುವು? ಅವುಗಳನ್ನು ಮೂರು ವರ್ಗ ಮಾಡಬಹುದು. ಹೆದರಿಸುವುದು, ಕಾಲೂರಲು ಎಡೆ ಕೊಡದಿರುವುದು, ಬೇರೆ ಆಸನವನ್ನು ಒದಗಿಸುವುದು.

ಹೆದರಿಸುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ನಿಷ್ಫಲ. ಹೊಳೆಯುವ ಪಟ್ಟಿ, ಪ್ಲಾಸ್ಟಿಕ್ ಗೂಬೆ, ರಬ್ಬರ್ ಹಾವು ಇವೆಲ್ಲ ಕೆಲವು ದಿನಗಳ ಮಾತು. ಹೊಲದಲ್ಲಿ ಬೆದರುಬೊಂಬೆಯನ್ನು ನಿಲ್ಲಿಸಿದ ರೈತನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ; ಒಂದು ವಾರದ ತರುವಾಯ ಕಾಗೆ ಅದರ ತಲೆಯ ಮೇಲೆಯೇ ಕುಳಿತಿರುತ್ತದೆ. ಅಲುಗದ ವಸ್ತುವಿನಿಂದ ಅಪಾಯವಿಲ್ಲವೆಂಬುದನ್ನು ಹಕ್ಕಿಗಳು ಬೇಗ ಕಲಿಯುತ್ತವೆ.

ಎರಡನೆಯದು ಇದಕ್ಕಿಂತ ಮೇಲು. ಯಾಗಿಯ ನಡುದಂಡಕ್ಕೆ ಅದಕ್ಕಿಂತ ಅಗಲವಾದ ಪಿವಿಸಿ ಕೊಳವೆಯನ್ನು ಸಡಿಲವಾಗಿ ತೊಡಿಸಿದರೆ, ಹಕ್ಕಿ ಕಾಲಿಟ್ಟೊಡನೆ ಕೊಳವೆ ಉರುಳುತ್ತದೆ. ನೋವಿಲ್ಲದೆ ಅದು ಬೇರೆ ಕಡೆ ಹೋಗುತ್ತದೆ. ತೋಳುಗಳ ಮೇಲೆ ಪ್ಲಾಸ್ಟಿಕ್ ಕಟ್ಟುಪಟ್ಟಿಗಳನ್ನು ಬಿಗಿದು, ಉಳಿದ ಬಾಲವನ್ನು ಕತ್ತರಿಸದೆ ಮೇಲ್ಮುಖವಾಗಿ ಬಿಡುವುದು ಮತ್ತೊಂದು ಕ್ರಮ. ಬಿಸಿಲಿಗೆ ತಾಳುವ ಕಪ್ಪು ಬಣ್ಣದವನ್ನೇ ಆರಿಸಬೇಕು. ಬಿಳಿಯವು ಬೇಗ ಒಡೆದು ಉದುರುತ್ತವೆ. ಕೊಳವೆಗಿಂತ 8-10 ಸೆಂಟಿಮೀಟರ್ ಮೇಲೆ ನೈಲಾನ್ ಹುರಿಯೊಂದನ್ನು ಎಳೆದರೂ ಹಕ್ಕಿಗೆ ನೆಮ್ಮದಿಯಾಗಿ ಕೂಡಲು ಆಗದು. ಆದರೆ ಹುರಿ ಕಣ್ಣಿಗೆ ಕಾಣುವಷ್ಟು ದಪ್ಪವಾಗಿರಬೇಕು. ಮೀನಿನ ಗಾಳದ ಪಾರದರ್ಶಕ ದಾರವನ್ನೂ ಗಾಳಿಪಟದ ಗಾಜುಪುಡಿ ಹಚ್ಚಿದ ಮಾಂಜಾವನ್ನೂ ಎಂದಿಗೂ ಬಳಸಬಾರದು. ಅವು ರೆಕ್ಕೆಯನ್ನೇ ಕತ್ತರಿಸುತ್ತವೆ. ಅಂಟು, ಮೊನೆಮೊಳೆ, ವಿಷ ಇವುಗಳ ಮಾತನ್ನೇ ಎತ್ತಬಾರದು. ಕಾಡುಹಕ್ಕಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷೆಯುಂಟು. ನವಿಲಂತೂ 1963ರಿಂದ ನಮ್ಮ ರಾಷ್ಟ್ರಪಕ್ಷಿ.

ಮೂರನೆಯ ಉಪಾಯವನ್ನು ಕಲಿಯಲು ನಾವು ದೂರ ಹೋಗಬೇಕಾಗಿಲ್ಲ, ನಮ್ಮ ತೊಗರಿಯ ಹೊಲಕ್ಕೆ ಹೋದರೆ ಸಾಕು. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿಯೂ ತಾಂಡೂರಿನ ತೊಗರಿಗೆ 2022ರಲ್ಲಿಯೂ ಭೌಗೋಳಿಕ ಗುರುತು ದೊರೆಯಿತು. ಈ ತೊಗರಿಯ ದೊಡ್ಡ ಶತ್ರು ಕಾಯಿಕೊರಕ ಹುಳು. ಅದನ್ನು ತಿನ್ನಲು ಕಾಜಾಣ, ಗೊರವಂಕ, ಬೆಳ್ಳಕ್ಕಿಗಳು ಬರಲೆಂದು ಎಕರೆಗೆ ಸುಮಾರು 20ರಂತೆ ಅಡ್ಡಕೋಲಿನ ಗೂಟಗಳನ್ನು ಬೆಳೆಗಿಂತ ಎತ್ತರವಾಗಿ ನೆಡಬೇಕೆಂದು ಕೃಷಿ ತಜ್ಞರು ಹೇಳುತ್ತಾರೆ. ಹಕ್ಕಿಯನ್ನು ಒಂದು ಕಡೆಗೆ ಕರೆಯುವ ಈ ಉಪಾಯವೇ ಅದನ್ನು ಇನ್ನೊಂದು ಕಡೆಯಿಂದ ತಪ್ಪಿಸುವುದಕ್ಕೂ ಸಲ್ಲುತ್ತದೆ. ಆಂಟೆನಾದಿಂದ 8-10 ಮೀಟರ್ ದೂರದಲ್ಲಿ, ಅದಕ್ಕಿಂತ ಒಂದೆರಡು ಮೀಟರ್ ಎತ್ತರವಾಗಿ, ಗಟ್ಟಿ ಬಿದಿರಿನ ಮೇಲೆ ಹೆಬ್ಬೆರಳಿಗಿಂತ ದಪ್ಪನಾದ ಮರದ ಅಡ್ಡಕೋಲನ್ನು ಕಟ್ಟಿ ನಿಲ್ಲಿಸಿರಿ. ಬಿದಿರು ಲೋಹವಲ್ಲವಾದುದರಿಂದ ತರಂಗಗಳಿಗೆ ಅಡ್ಡಿಯಿಲ್ಲ. ಬುಡವನ್ನು ಫರಸಿಕಲ್ಲುಗಳಿಂದ ಬಿಗಿದು, ಹಗ್ಗಗಳಿಂದ ಮೂರು ದಿಕ್ಕಿಗೆ ಎಳೆದು ಕಟ್ಟಬೇಕು. ಆಂಟೆನಾದ ಮೇಲೆ ಉರುಳುವ ಕೊಳವೆ, ಪಕ್ಕದಲ್ಲಿ ಅಲುಗದ ಅಡ್ಡಕೋಲು, ಎರಡೂ ಕೂಡಿದ್ದರೆ ಹದ್ದು ಯಾವುದನ್ನು ಆರಿಸುವುದೆಂದು ಹೇಳಬೇಕಾಗಿಲ್ಲ. ಕೂಡುವ ಹಕ್ಕಿಗೆ ಬೇಕಾದದ್ದು ಎತ್ತರ. ನಮ್ಮ ತಂತಿಯ ಮೇಲೆ ಅದಕ್ಕೆ ವಿಶೇಷ ಪ್ರೀತಿಯೇನೂ ಇಲ್ಲ.

ಇವೆಲ್ಲಕ್ಕೂ ಮಿಗಿಲಾಗಿ, ಹಕ್ಕಿ ಕುಳಿತರೂ ಕೆಡದಂತೆ ಕಟ್ಟುವುದೇ ಜಾಣತನ. ತಂತಿಯ ಒಂದು ತುದಿಯ ಹಗ್ಗವನ್ನು ಬಾವಿಯ ರಾಟೆಯಂಥ ರಾಟೆಯ ಮೇಲೆ ಹಾಯಿಸಿ, ಅದಕ್ಕೆ 10 ಕಿಲೋಗ್ರಾಂ ತೂಕದ ಕಲ್ಲನ್ನು ತೂಗುಬಿಟ್ಟರೆ, ಹದ್ದು ಕುಳಿತಾಗ ತಂತಿ ಸುಮಾರು 40 ಸೆಂಟಿಮೀಟರ್ ತಗ್ಗುತ್ತದೆ, ಕಲ್ಲು ಸ್ವಲ್ಪ ಮೇಲೇರುತ್ತದೆ. ಸೆಳೆತ ಮಾತ್ರ 10 ಕಿಲೋಗ್ರಾಮನ್ನು ಹೆಚ್ಚು ಮೀರುವುದಿಲ್ಲ. ಬೇವಿನ ಮರ ಗಾಳಿಗೆ ತೂಗಿದಾಗಲೂ ಇದೇ ಉಪಾಯ ತಂತಿಯನ್ನು ಕಾಯುತ್ತದೆ. ಆದರೆ ಆ ಕಲ್ಲಿನ ಕೆಳಗೆ ಯಾರೂ ನಡೆದಾಡದಂತೆ ನೋಡಿಕೊಳ್ಳಬೇಕು.

ಈಗ ನಮ್ಮ ಗಾದೆಗೆ ಮರಳೋಣ. ಹಕ್ಕಿಯ ಮೇಲೆ ತಪ್ಪು ಹೊರಿಸುವ ಮೊದಲು ಪರೀಕ್ಷಿಸಬೇಕೆಂಬುದಕ್ಕೆ ವಿಜ್ಞಾನದ ಚರಿತ್ರೆಯಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. 1964ರಲ್ಲಿ ಅಮೆರಿಕದ ಹೋಮ್‌ಡೆಲ್ ಎಂಬಲ್ಲಿ ಬೆಲ್ ಪ್ರಯೋಗಾಲಯದ ಆರ್ನೋ ಪೆನ್ಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಕೊಂಬಿನಾಕಾರದ ದೊಡ್ಡ ಆಂಟೆನಾವೊಂದರಿಂದ ಆಕಾಶವನ್ನು ಪರಿಶೀಲಿಸುತ್ತಿದ್ದರು. ಯಾವ ದಿಕ್ಕಿಗೆ ತಿರುಗಿಸಿದರೂ ಮಂದವಾದ ಒಂದು ಗದ್ದಲ ಬಿಡದೆ ಕೇಳಿಬರುತ್ತಿತ್ತು. ಒಳಗೆ ನೋಡಿದರೆ ಎರಡು ಪಾರಿವಾಳಗಳು ಮನೆಮಾಡಿಕೊಂಡಿದ್ದವು. ಕೊಂಬಿನ ಒಳಮೈಗೆಲ್ಲ ಹಿಕ್ಕೆ ಮೆತ್ತಿತ್ತು. ಪಾರಿವಾಳಗಳನ್ನು ಹಿಡಿದು ದೂರಕ್ಕೆ ಕಳುಹಿಸಿದರು. ಅವು ಹಿಂದಿರುಗಿ ಬಂದವು. ಕೊನೆಗೆ ಅವುಗಳನ್ನು ಕೊಲ್ಲಲಾಯಿತು. ಕೊಂಬನ್ನು ತೊಳೆದು ಶುಚಿಗೊಳಿಸಿದರು. ಗದ್ದಲ ಮಾತ್ರ ಹಾಗೆಯೇ ಉಳಿಯಿತು! ಅದು ವಿಶ್ವದ ಆದಿಕಾಲದಿಂದ ಉಳಿದುಬಂದ, ಎಲ್ಲ ದಿಕ್ಕುಗಳಿಂದಲೂ ಬರುತ್ತಿರುವ ವಿಕಿರಣವೆಂಬುದು ತರುವಾಯ ತಿಳಿಯಿತು. ಆ ಶೋಧನೆಗಾಗಿ ಇಬ್ಬರಿಗೂ 1978ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಪಾರಿವಾಳಗಳು ನಿರಪರಾಧಿಗಳೆಂದು ತಿಳಿಯುವಷ್ಟರಲ್ಲಿ ಅವು ಬದುಕಿರಲಿಲ್ಲ.

ಆದ್ದರಿಂದ ಹವ್ಯಾಸಿಯು ದಿನಚರಿಯೊಂದನ್ನಿಡಬೇಕು. ಕಳುಹಿಸಿದ ಶಕ್ತಿಯಲ್ಲಿ ಎಷ್ಟು ಹಿಂದಕ್ಕೆ ಮರಳುತ್ತಿದೆಯೆಂಬುದನ್ನು ತೋರಿಸುವ ಎಸ್.ಡಬ್ಲ್ಯು.ಆರ್. ಮೀಟರನ್ನು ದಿನವೂ ಒಂದೇ ಹೊತ್ತಿಗೆ ನೋಡಿ ಅಂಕಿಯನ್ನು ಬರೆದಿಡಬೇಕು. ಹಕ್ಕಿ ಕುಳಿತಿದ್ದಾಗ ಮತ್ತು ಕುಳಿತಿಲ್ಲದಾಗ ಎರಡನ್ನೂ ಹೋಲಿಸಬೇಕು. ಹಕ್ಕಿ ಹಾರಿಹೋದ ಮೇಲೂ ಅಂಕಿ ಇಳಿಯದಿದ್ದರೆ ದೋಷ ಬೇರೆ ಕಡೆ ಇದೆ. ಕೇಬಲ್ಲಿನ ಕೂಡಿನಲ್ಲಿ ಮಳೆನೀರು ಹೊಕ್ಕಿರಬಹುದು, ಇಲ್ಲವೆ ಬೆಸುಗೆ ಬಿಟ್ಟಿರಬಹುದು. ನನ್ನ ಪರಿಚಿತರ ತಂತಿಯನ್ನು ನಾವು ಕೈಗೆತ್ತಿಕೊಂಡು ನೋಡಿದಾಗ, ಅದು ಕಡಿದದ್ದು ತಾಮ್ರಕ್ಕೆ ಅಲ್ಯೂಮಿನಿಯಂ ತಂತಿಯನ್ನು ಹೊಸೆದು ಕಟ್ಟಿದ ಗಂಟಿನಲ್ಲಿ. ಈ ಎರಡು ಲೋಹಗಳು ಕೂಡಿದೆಡೆ ತೇವ ತಗಲಿದರೆ ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ಗಂಟಿನೊಳಗೆ ಬಿಳಿಯ ಪುಡಿ ತುಂಬಿತ್ತು. ಅದರ ಮೇಲೆ ತಂತಿಯನ್ನು ಅತಿಯಾಗಿ ಬಿಗಿದಿದ್ದರು. ಹದ್ದು ಕೊನೆಯ ನೆಪವಾಯಿತು. ಅವರು ಕವಣೆಯನ್ನು ಒಳಗಿಟ್ಟು ರಾಟೆಯನ್ನು ತಂದರು.

ಕೊನೆಯದಾಗಿ ಎರಡು ಎಚ್ಚರಿಕೆಯ ಮಾತುಗಳು. ಆಂಟೆನಾದಲ್ಲಿ ಹದ್ದು ಗೂಡು ಕಟ್ಟಿ ಮೊಟ್ಟೆಯಿಟ್ಟಿದ್ದರೆ, ಮರಿಗಳು ಹಾರುವವರೆಗೂ ಅದನ್ನು ಮುಟ್ಟದೆ, ಬೇರೊಂದು ತಂತಿಯಿಂದ ಕೆಲಸ ಸಾಗಿಸಬೇಕು. ಗೂಡಿನ ಬಳಿಗೆ ಹತ್ತಿದವರ ತಲೆಯ ಮೇಲೆ ಹದ್ದು ಎರಗುವುದುಂಟು. ಕಂಬದ ಮೇಲೆ ಬೆಚ್ಚಿದವನಿಗೆ ಹಿಡಿಯಲು ಬೇರೆ ಆಸರೆಯಿರದು. ಎರಡನೆಯದು, ಕಂಬವಾಗಲಿ ತಂತಿಯಾಗಲಿ ಯಾವ ಕಡೆಗೆ ಬಿದ್ದರೂ ವಿದ್ಯುತ್ ತಂತಿಗೆ ತಾಗದಷ್ಟು ದೂರವಿರಬೇಕು. ಕಂಬದ ಎತ್ತರದ ಒಂದೂವರೆಯಷ್ಟಾದರೂ ಅಂತರವಿಲ್ಲದ ಸ್ಥಳದಲ್ಲಿ ಅದನ್ನು ನಿಲ್ಲಿಸಲೇಬಾರದು. ವಿದ್ಯಾರ್ಥಿಗಳು ಹಿರಿಯರಿಲ್ಲದೆ ಕಂಬವನ್ನು ಹತ್ತಬಾರದು. ಮೋಡ ಗುಡುಗುವಾಗ ಯಾರೂ ಹತ್ತಬಾರದು. ಒಣಗಿದ ಹಿಕ್ಕೆಯನ್ನು ಕೆರೆಯುವ ಮೊದಲು ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಅದರ ಧೂಳಿನಿಂದ ಶ್ವಾಸಕೋಶದ ರೋಗಗಳು ಬರುತ್ತವೆ.

ನಮ್ಮ ಶಾಲೆಯ ಬಾಲಕ ಬಾಲಕಿಯರಲ್ಲಿ ಕೆಲವರಾದರೂ ಮುಂದೆ ಈ ವಿದ್ಯೆಯನ್ನು ಕಲಿತು ಕರೆಸಂಕೇತವನ್ನು ಪಡೆಯಲೆಂದು ಹಾರೈಸುತ್ತೇನೆ. ಅವರು ತಂತಿಯನ್ನು ಎಳೆಯುವ ದಿನ ಪಕ್ಕದಲ್ಲಿ ಹದ್ದಿಗಾಗಿ ಒಂದು ಬಿದಿರನ್ನೂ ನೆಡಲಿ. ತೊಗರಿಯ ಹೊಲದಲ್ಲಿ ಹಕ್ಕಿಗೆ ಗೂಟ ನೆಡುವ ರೈತನ ಮಕ್ಕಳಿಗೆ ಇದು ಹೊಸ ಕೆಲಸವೇನೂ ಅಲ್ಲ.